ಉಂಗುರಕ್ಕೆ ಉದ್ದ ಸಾಲು, ನೆರಳಿಗೆ ನಾಲ್ಕೇ ಜನ

2019ರ ಡಿಸೆಂಬರ್ 26ರ ಬೆಳಿಗ್ಗೆ ಇಡೀ ಕರ್ನಾಟಕಕ್ಕೆ ಗ್ರಹಣ ಹಿಡಿದಿತ್ತು. ಕೊಡಗು, ದಕ್ಷಿಣ ಕನ್ನಡದ ಕಡೆ ಅದು ಕಂಕಣವಾಗಿ ಕಂಡಿತು. ಬೆಂಗಳೂರಿನಲ್ಲಿ ಸೂರ್ಯನ ಬಹುಪಾಲು ಮುಚ್ಚಿ, ಒಂಬತ್ತೂವರೆ ಹೊತ್ತಿಗೆ ಬಿಸಿಲು ಮಂಕಾಯಿತು. ಹವ್ಯಾಸಿ ಖಗೋಳ ಸಂಘಗಳವರು ಮೈದಾನಗಳಲ್ಲಿ, ಕಾಲೇಜಿನ ಅಂಗಳಗಳಲ್ಲಿ ಗ್ರಹಣದ ಕನ್ನಡಕ ಹಂಚುತ್ತಿದ್ದರು. ಟೆಲಿಸ್ಕೋಪಿನಿಂದ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿ ಮಕ್ಕಳಿಗೆ ತೋರಿಸುತ್ತಿದ್ದರು. ಅದೇ ಹೊತ್ತಿನಲ್ಲಿ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣ ಬಿಡುವವರೆಗೆ ಹಾಗೆ ಇಟ್ಟರೆ ಊನ ಹೋಗುತ್ತದೆ ಎಂಬ ನಂಬಿಕೆ.

ಈ ಎರಡನ್ನೂ ಎದುರುಬದುರು ಇಟ್ಟು ಹಳ್ಳಿಯವರನ್ನು ಹಂಗಿಸುವುದು ಸುಲಭ. ಮಗುವಿಗೆ ವಾಸಿಯಾಗಲಿ ಎಂದು ಹೆತ್ತವರು ಏನು ಬೇಕಾದರೂ ಮಾಡಲು ಸಿದ್ಧರಾಗಿರುತ್ತಾರೆ. ಅವರ ಹತಾಶೆಗೆ ನಗುವ ಹಕ್ಕು ಯಾರಿಗೂ ಇಲ್ಲ. ನನ್ನ ಪ್ರಶ್ನೆ ಇರುವುದು ಮೈದಾನದಲ್ಲಿ ಕನ್ನಡಕ ಹಂಚುತ್ತಿದ್ದವರ ಬಗ್ಗೆ. ಒಂದು ಖಗೋಳ ಸಂಘ ತನ್ನ ಊರಿಗೆ ಏನು ಕೊಡುತ್ತದೆ, ಯಾರಿಗೆ ಕೊಡುತ್ತದೆ? ಸಂಘದವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ತಲೆಎಣಿಕೆಯದು: ಇಷ್ಟು ಜನ ಬಂದರು, ಇಷ್ಟು ಶಾಲೆಗೆ ಹೋದೆವು. ಪ್ರಾಯೋಜಕರಿಗೂ ಪತ್ರಿಕೆಗೂ ಬೇಕಾದ್ದು ಅದೇ. ನನ್ನ ಮಟ್ಟಿಗೆ ಆ ಎಣಿಕೆ ಸಂಘದ ಬೆಲೆಯನ್ನು ಹೇಳುವುದಿಲ್ಲ, ಕೆಲವೊಮ್ಮೆ ಮುಚ್ಚಿಡುತ್ತದೆ. ಜನ ತಮ್ಮ ಕಣ್ಣಿನಿಂದ ತಾವೇ ನೋಡಿ, ಅಳೆದು, ಕೇಳಿದ ಮಾತಿನ ಜೊತೆ ತಾಳೆ ಹಾಕುವಂತೆ ಮಾಡುವುದು ಸಂಘವೊಂದು ಮಾಡಬಹುದಾದ ದೊಡ್ಡ ಉಪಕಾರ. ನಮ್ಮ ಸಂಘಗಳಿಗೆ ಅದನ್ನು ಮಾಡುವ ಕೈಚಳಕವಿದೆ. ಆದರೆ ಹೊತ್ತು ಹೋಗುವುದು ಬೇರೆಡೆಗೆ.

ಭಾರತದಲ್ಲಿ ಹವ್ಯಾಸಿ ಸಂಘಗಳಿಗೆ ಒಳ್ಳೆಯ ವಯಸ್ಸಾಗಿದೆ. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಹುಟ್ಟಿದ್ದು 1944ರಲ್ಲಿ. ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಬೆಂಗಳೂರು ಅಮೆಚೂರ್ ಆಸ್ಟ್ರಾನಮರ್ಸ್ ಇದೆ, ಬೆಂಗಳೂರು ಆಸ್ಟ್ರನಾಮಿಕಲ್ ಸೊಸೈಟಿ ಇದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಅಮೆಚೂರ್ ಆಸ್ಟ್ರಾನಮರ್ಸ್ ಕ್ಲಬ್ ಇದೆ. ಸದಸ್ಯರಲ್ಲಿ ಖಗೋಳವನ್ನು ವೃತ್ತಿಯಾಗಿ ಓದಿದವರು ಕಡಿಮೆ. ಸಾಫ್ಟ್‌ವೇರಿನವರು, ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಪಿಯುಸಿ ಮಕ್ಕಳು. ತಾರಾಲಯಕ್ಕೂ ಇವರಿಗೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಬೇಕು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಗುಮ್ಮಟದೊಳಗೆ, 2018ರಲ್ಲಿ ತೆರೆದ ಮಂಗಳೂರಿನ ಪಿಲಿಕುಳದ ತಾರಾಲಯದೊಳಗೆ, ಮೋಡ ಕವಿಯುವುದಿಲ್ಲ. ಅಲ್ಲಿನ ಆಕಾಶ ಹೇಳಿದ ಹೊತ್ತಿಗೆ ಹೇಳಿದಂತೆ ತಿರುಗುತ್ತದೆ. ಸಂಘದವರದು ನಿಜವಾದ ಆಕಾಶ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದು ಹೆಚ್ಚು ಕಡಿಮೆ ಬಾಗಿಲು ಹಾಕಿದ ಅಂಗಡಿ. ಸೊಳ್ಳೆ ಕಚ್ಚಿಸಿಕೊಂಡು ಎರಡು ಗಂಟೆ ಕಾದು, ಏನೂ ಕಾಣದೆ ಮನೆಗೆ ಹೋಗುವುದು ಈ ಹವ್ಯಾಸದ ಅವಿಭಾಜ್ಯ ಅಂಗ.

ಸಂಘಗಳ ಅತಿ ಜನಪ್ರಿಯ ಕಾರ್ಯಕ್ರಮವೆಂದರೆ ಸಂಜೆಯ ಆಕಾಶ ವೀಕ್ಷಣೆ. ಚಂದ್ರನ ಕುಳಿ, ಗುರುವಿನ ನಾಲ್ಕು ಉಪಗ್ರಹ, ಶನಿಯ ಉಂಗುರ. ಮೊದಲ ಬಾರಿ ಶನಿಯನ್ನು ನೋಡಿದವರ ಬಾಯಿಂದ ಹೊರಡುವ ಉದ್ಗಾರ ಸುಳ್ಳಲ್ಲ. ಟೆಲಿಸ್ಕೋಪಿನ ತುದಿಗೆ ಚಿತ್ರ ಅಂಟಿಸಿದ್ದಾರೆಂದು ಅನುಮಾನಿಸಿ ಮುಂದೆ ಬಂದು ಬಗ್ಗಿ ನೋಡುವವರು ಪ್ರತಿ ಸಲವೂ ಇರುತ್ತಾರೆ, ಅವರೇ ನನಗೆ ಹೆಚ್ಚು ಇಷ್ಟ. ಆದರೆ ಲೆಕ್ಕ ಹಾಕಿ ನೋಡಿ. ಎರಡೂವರೆ ಗಂಟೆ, ಒಂದು ಟೆಲಿಸ್ಕೋಪು, ಇನ್ನೂರು ಜನ. ಒಬ್ಬೊಬ್ಬರಿಗೆ ಸಿಗುವುದು ಮುಕ್ಕಾಲು ನಿಮಿಷ. ಕಣ್ಣನ್ನು ಐಪೀಸಿಗೆ ಸರಿಯಾಗಿ ಹೊಂದಿಸಿಕೊಳ್ಳುವಷ್ಟರಲ್ಲಿ ಅದರ ಅರ್ಧ ಮುಗಿದಿರುತ್ತದೆ. ಹಿಂದಿನವರು ತಳ್ಳುತ್ತಾರೆ, ಸ್ವಯಂಸೇವಕ 'ಕಂಡಿತಾ?' ಎನ್ನುತ್ತಾನೆ, ಕಾಣದವರೂ 'ಕಂಡಿತು' ಎನ್ನುತ್ತಾರೆ. ದೇವಸ್ಥಾನದ ಸರತಿಯಲ್ಲಿ ಗರ್ಭಗುಡಿಯ ಮುಂದೆ ಆಗುವುದೂ ಇದೇ. ನೋಡಿದ್ದನ್ನು ಪ್ರಶ್ನಿಸುವ ಬಿಡುವು ಇಲ್ಲದ ಕಡೆ ಟೆಲಿಸ್ಕೋಪೂ ದರ್ಶನದ ಸಾಧನವಾಗುತ್ತದೆ.

ಇದಕ್ಕೊಂದು ಒಳ್ಳೆಯ ಪರೀಕ್ಷೆ 2025ರಲ್ಲಿ ತಾನಾಗಿ ಒದಗಿತು. ಶನಿಯ ಉಂಗುರಗಳು ಸುಮಾರು ಹದಿನೈದು ವರ್ಷಕ್ಕೊಮ್ಮೆ ಭೂಮಿಯ ಕಡೆಗೆ ಅಂಚು ತಿರುಗಿಸುತ್ತವೆ. ಆ ವರ್ಷದ ಮಾರ್ಚಿನಲ್ಲಿ ಹಾಗಾಯಿತು. ವರ್ಷದ ಕೊನೆಯವರೆಗೂ ಸಣ್ಣ ಟೆಲಿಸ್ಕೋಪುಗಳಲ್ಲಿ ಉಂಗುರ ಕಂಡದ್ದು ಗ್ರಹವನ್ನು ಚುಚ್ಚಿ ಹೋದ ತೆಳ್ಳನೆ ಗೆರೆಯಾಗಿ. ಪೋಸ್ಟರಿನ ಶನಿಯನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆ. 'ಈ ವರ್ಷ ಶನಿ ಚೆನ್ನಾಗಿಲ್ಲ, ಗುರುವನ್ನು ತೋರಿಸುತ್ತೇವೆ' ಎಂದು ಜಾರಿಕೊಳ್ಳುವ ಸಂಘವೂ, ಉಂಗುರ ಯಾಕೆ ಗೆರೆಯಾಯಿತು ಎಂದು ಒಂದು ತಟ್ಟೆಯನ್ನು ಓರೆ ಹಿಡಿದು ತೋರಿಸುವ ಸಂಘವೂ ಒಂದೇ ಅಲ್ಲ. ಎರಡನೆಯದರಲ್ಲಿ ಸಾಲು ನಿಧಾನವಾಗುತ್ತದೆ, ಎಣಿಕೆ ಇಳಿಯುತ್ತದೆ, ಕೆಲಸ ಆಗುತ್ತದೆ.

ಟೆಲಿಸ್ಕೋಪು ಮಾಡುವ ಕಾರ್ಯಾಗಾರಗಳ ಬಗ್ಗೆ ನನಗೆ ಇಂಥ ತಕರಾರು ಇಲ್ಲ. ಒಂದರ ಮೇಲೊಂದು ಗಾಜಿನ ಬಿಲ್ಲೆ ಇಟ್ಟು, ನಡುವೆ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ, ಪೀಪಾಯಿಯ ಸುತ್ತ ನಡೆಯುತ್ತ ಉಜ್ಜುತ್ತ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿ ನುಣುಪಾಗುತ್ತ ಬಂದು, ಕೊನೆಗೆ ರಾಳದ ಮೇಲೆ ಸೀರಿಯಂ ಆಕ್ಸೈಡಿನಿಂದ ಮೆರುಗು. ಆರು ಇಂಚಿನ ಕನ್ನಡಿಗೆ ವಾರಗಟ್ಟಲೆ ಸಂಜೆಗಳು ಬೇಕು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜಾನ್ ಡಾಬ್ಸನ್ ಪ್ಲೈವುಡ್ ಡಬ್ಬಿ, ರಟ್ಟಿನ ಕೊಳವೆಗಳಿಂದ ದೊಡ್ಡ ಟೆಲಿಸ್ಕೋಪು ಮಾಡಿ ಬೀದಿ ಬದಿಯಲ್ಲಿಟ್ಟು ಹೋಗುವ ಬರುವವರಿಗೆ ತೋರಿಸಿದರು. 1968ರಲ್ಲಿ ಶುರುವಾದ ಅವರ ಬೀದಿಬದಿಯ ಸಂಘದ ವಿನ್ಯಾಸವೇ ಇಂದು ಜಗತ್ತಿನ ಹವ್ಯಾಸಿಗಳ ನೆಚ್ಚಿನ 'ಡಾಬ್'. ತನ್ನ ಕೈಯಲ್ಲಿ ಉಜ್ಜಿದ ಕನ್ನಡಿಯಲ್ಲಿ ಗುರುವನ್ನು ನೋಡಿದ ಹುಡುಗಿಗೆ ಇದು ಮೋಸವಲ್ಲ ಎಂದು ಯಾರೂ ಸಾಬೀತು ಮಾಡಿ ತೋರಿಸಬೇಕಿಲ್ಲ. ಇಂಥವರು ಒಂದು ಕಾರ್ಯಾಗಾರಕ್ಕೆ ಹತ್ತೋ ಹದಿನೈದೋ ಮಂದಿ. ಅದಕ್ಕೇ ಇದು ಯಾವ ವರದಿಯಲ್ಲೂ ಮೊದಲ ಪುಟಕ್ಕೆ ಬರುವುದಿಲ್ಲ.

ಗ್ರಹಣಕ್ಕೆ ಮರಳೋಣ, ಯಾಕೆಂದರೆ ಸಂಘಗಳು ತಮ್ಮ ಸಾಮರ್ಥ್ಯವನ್ನು ಸಮಾಜದ ಮುಂದೆ ತೋರುವ ದಿನ ಅದೇ. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ಪಟ್ಟಿ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ವಿಜ್ಞಾನಿಗಳು ಡೇರೆ ಹಾಕಿ ಕಾದರು. ಊರುಗಳ ಬೀದಿಗಳು ಕರ್ಫ್ಯೂ ಹೇರಿದಂತೆ ಖಾಲಿಯಾದವು. ಬಾಗಿಲು, ಕಿಟಕಿ ಭದ್ರ. ಮನುಷ್ಯನ ಆಯುಷ್ಯದಲ್ಲಿ ಒಮ್ಮೆ ಮನೆಯ ಮೇಲೇ ಬಂದು ನಿಂತ ಪೂರ್ಣ ಗ್ರಹಣವನ್ನು ಉತ್ತರ ಕರ್ನಾಟಕದ ಬಹುಪಾಲು ಜನ ನೋಡಲಿಲ್ಲ. 2019ರಲ್ಲಿ ಮೈದಾನಗಳು ತುಂಬಿದ್ದವೆಂದರೆ ನಡುವಿನ ನಲವತ್ತು ವರ್ಷಗಳಲ್ಲಿ ಯಾರೋ ಕೆಲಸ ಮಾಡಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಶಾಲಾ ಮೇಷ್ಟ್ರುಗಳು, ಟಿವಿ ಎಲ್ಲವೂ ಅದರಲ್ಲಿ ಪಾಲುದಾರರು. ಹವ್ಯಾಸಿ ಸಂಘಗಳ ಪಾಲು ಸಣ್ಣದಲ್ಲ. ಟಿವಿಗೆ ಅರ್ಧ ಅಂಕ ಮಾತ್ರ ಕೊಡಬೇಕು: ಅದೇ ಪರದೆಯ ಮೇಲೆ ಗ್ರಹಣದ ನೇರಪ್ರಸಾರವೂ, ಯಾವ ರಾಶಿಗೆ ಏನು ಕಂಟಕ ಎಂಬ ಚರ್ಚೆಯೂ ಅಕ್ಕಪಕ್ಕದಲ್ಲಿ ನಡೆಯುತ್ತವೆ.

ಗ್ರಹಣಕಾಲದಲ್ಲಿ ಸಾರ್ವಜನಿಕವಾಗಿ ಚುರುಮುರಿ ತಿಂದು ಮೂಢನಂಬಿಕೆಯನ್ನು ಧಿಕ್ಕರಿಸುವ ಕಾರ್ಯಕ್ರಮಗಳೂ ನಡೆಯುತ್ತವೆ. ಅದರ ಧೈರ್ಯಕ್ಕೆ ನನ್ನ ಮೆಚ್ಚುಗೆಯಿದೆ. ಆದರೆ ತಿನ್ನುವವರ ಕಣ್ಣು ತಟ್ಟೆಯ ಮೇಲೆ, ನೋಡುವವರ ಕಣ್ಣು ತಿನ್ನುವವರ ಮೇಲೆ. ಆಕಾಶವನ್ನು ಅಲ್ಲಿ ಯಾರೂ ನೋಡುತ್ತಿರುವುದಿಲ್ಲ. ಸಂಘದವರು ಇದಕ್ಕಿಂತ ಸೌಮ್ಯವಾದ, ನನ್ನ ದೃಷ್ಟಿಯಲ್ಲಿ ಹೆಚ್ಚು ಗಟ್ಟಿಯಾದ ಕೆಲಸ ಮಾಡುತ್ತಾರೆ. ಗ್ರಹಣ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹಿಡಿಯುತ್ತದೆಂದು ಮೊದಲೇ ಬರೆದು ನೇತುಹಾಕುತ್ತಾರೆ, ಆ ನಿಮಿಷಕ್ಕೆ ಹಿಡಿಯುತ್ತದೆ. ರಟ್ಟಿಗೆ ಗುಂಡುಸೂಜಿಯಿಂದ ತೂತು ಮಾಡಿ ನೆಲದ ಮೇಲೆ ಸೂರ್ಯನ ಕುಡುಗೋಲು ಬೀಳಿಸುತ್ತಾರೆ; ಹೊಂಗೆ ಮರದ ಎಲೆಗಳ ಸಂದಿಯಿಂದ ನೂರಾರು ಕುಡುಗೋಲುಗಳು ಬಿದ್ದಿರುವುದನ್ನು ತೋರಿಸುತ್ತಾರೆ. ಎಕ್ಸ್‌ರೇ ಫಿಲ್ಮಿನಲ್ಲಿ ನೋಡಬೇಡಿ, ಬಣ್ಣದ ನೀರಿನಲ್ಲಿ ನೋಡಬೇಡಿ, ಬೆಸುಗೆಯ ಗಾಜಾದರೆ ಹದಿನಾಲ್ಕನೇ ನಂಬರಿನದೇ ಆಗಬೇಕು ಎಂದು ಹೇಳಿಕೊಡುತ್ತಾರೆ. ಭಯಕ್ಕೆ ಒಂದು ನಿಜವಾದ ಕಾರಣವಿದೆ, ಅದು ಕಣ್ಣಿನದು, ಅದಕ್ಕೆ ಉಪಾಯವೂ ಇದೆ: ಇಷ್ಟನ್ನು ತಿಳಿಸಿದರೆ ಉಳಿದ ಭಯಗಳು ತಾವಾಗಿ ಸಡಿಲಗೊಳ್ಳುತ್ತವೆ.

ಕನ್ನಡನಾಡಿನಲ್ಲಿ ಗ್ರಹಣವೆಂದರೆ ಬಾಗಿಲು ಹಾಕಿಕೊಳ್ಳುವುದು ಮಾತ್ರವೇ ಆಗಿತ್ತು ಎಂಬುದೂ ಪೂರ್ತಿ ಸರಿಯಲ್ಲ. ನಮ್ಮ ಶಿಲಾಶಾಸನಗಳಲ್ಲಿ ಎಷ್ಟೋ ದಾನಗಳು ಸೂರ್ಯಗ್ರಹಣ, ಸೋಮಗ್ರಹಣದ ಹೊತ್ತಿನಲ್ಲಿ ಕೊಟ್ಟವು. ತಿಥಿ ವಾರದ ಜೊತೆ ಗ್ರಹಣವನ್ನೂ ಕೊರೆಸಿಟ್ಟಿದ್ದಾರೆ. ಬೆಂಗಳೂರು ತಾರಾಲಯದ ನಿರ್ದೇಶಕರಾಗಿದ್ದ ಬಿ. ಎಸ್. ಶೈಲಜಾ ಇಂಥ ಶಾಸನಗಳನ್ನು ಕಲೆಹಾಕಿ, ಇಂದಿನ ಗಣಿತದೊಂದಿಗೆ ಹೋಲಿಸಿ ನೋಡುವ ದೊಡ್ಡ ಕೆಲಸ ಮಾಡಿದ್ದಾರೆ. ಹಳ್ಳಿಯ ಗುಡಿಯ ಮುಂದೆ ಕಾರ್ಯಕ್ರಮ ಮಾಡುವ ಸಂಘಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೆ? ಆ ಗುಡಿಯ ಕಲ್ಲಿನಲ್ಲೇ ಗ್ರಹಣ ಇರಬಹುದು. ಸಂಘಗಳು ಇದನ್ನು ಬಳಸಿಕೊಳ್ಳುವುದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಇನ್ನು ನನಗೆ ಅತಿ ಮೆಚ್ಚುಗೆಯ, ಜನಕ್ಕೆ ಅತಿ ಅಪರಿಚಿತವಾದ ಕಾರ್ಯಕ್ರಮ: ಶೂನ್ಯ ನೆರಳಿನ ದಿನ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಒಮ್ಮೆ, ಮಧ್ಯಾಹ್ನ ಹನ್ನೆರಡು ಕಾಲರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ದೆಹಲಿಗೆ ಈ ಭಾಗ್ಯ ಎಂದೂ ಇಲ್ಲ. ಕರ್ನಾಟಕದ ಪ್ರತಿ ಹಳ್ಳಿಗೂ ವರ್ಷಕ್ಕೆರಡು ಸಲ ಇದೆ. ಖರ್ಚು ಒಂದು ಕೋಲು, ಒಂದು ತೂಕದ ದಾರ. ಕನ್ನಡಕ ಬೇಡ, ಟೆಲಿಸ್ಕೋಪು ಬೇಡ, ರಾತ್ರಿ ಹೆಣ್ಣುಮಕ್ಕಳನ್ನು ಕಳಿಸುವುದು ಹೇಗೆಂಬ ತಂದೆತಾಯಿಯರ ಚಿಂತೆಯೂ ಇಲ್ಲ.

ಇದರ ಸೊಗಸು ನೆರಳು ಮಾಯವಾಗುವುದರಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ನೆರಳಿಲ್ಲದ ಅದೇ ಮಧ್ಯಾಹ್ನ ಕಲಬುರಗಿಯಲ್ಲಿ ಒಂದು ಮೀಟರ್ ಕೋಲು ನೆಟ್ಟರೆ ಸುಮಾರು ಏಳೂವರೆ ಸೆಂಟಿಮೀಟರ್ ನೆರಳು ಬೀಳುತ್ತದೆ. ಅಂದರೆ ಸೂರ್ಯ ಅಲ್ಲಿ ನೆತ್ತಿಯಿಂದ ನಾಲ್ಕು ಡಿಗ್ರಿ ಚಿಲ್ಲರೆ ವಾಲಿದ್ದಾನೆ. ಎರಡೂ ಊರುಗಳ ನಡುವಿನ ಉತ್ತರ–ದಕ್ಷಿಣ ಅಂತರ 485 ಕಿಲೋಮೀಟರ್ ಹತ್ತಿರ. ತ್ರೈರಾಶಿ ಬಲ್ಲ ಎಂಟನೇ ಕ್ಲಾಸಿನ ಮಕ್ಕಳು ಮುನ್ನೂರ ಅರವತ್ತು ಡಿಗ್ರಿಗೆ ಎಷ್ಟು ಎಂದು ಹಾಕಿದರೆ ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರ್ ಎಂದು ಬರುತ್ತದೆ. ಎರಾಟೊಸ್ತನೀಸ್ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಇಲ್ಲಿ ಒಂದು ಶಾಲೆಗೆ ಇನ್ನೊಂದು ಶಾಲೆಯ ಅಳತೆ ಬೇಕು, ಫೋನ್ ಮಾಡಿ ಕೇಳಬೇಕು, ಅವರು ಅಳೆದದ್ದು ಸರಿಯೇ ಎಂದು ಜಗಳವಾಡಬೇಕು. ಶನಿಯ ಸಾಲಿನಲ್ಲಿ ಯಾರಿಗೂ ಯಾರ ಹಂಗೂ ಇಲ್ಲ; ಇಲ್ಲಿ ಕಲಬುರಗಿಯ ಮಕ್ಕಳಿಲ್ಲದೆ ಬೆಂಗಳೂರಿನ ಮಕ್ಕಳಿಗೆ ಭೂಮಿಯ ಅಳತೆ ಸಿಗುವುದಿಲ್ಲ. ಇಂಥ ಕಾರ್ಯಕ್ರಮಕ್ಕೆ ಉರಿ ಬಿಸಿಲಲ್ಲಿ ಬರುವವರು ಬೆರಳೆಣಿಕೆ ಎಂಬ ಕಾರಣಕ್ಕೆ ಅದನ್ನು ಬದಿಗಿಡುವ ಸಂಘ ತನ್ನ ಅತ್ಯುತ್ತಮ ಸಾಮಗ್ರಿಯನ್ನು ಅಟ್ಟಕ್ಕೆ ಹಾಕಿದಂತೆ. ಏಪ್ರಿಲ್ 24 ಬೇಸಿಗೆ ರಜೆಯಲ್ಲಿ ಬರುತ್ತದೆ ಎಂಬುದು ನಿಜವಾದ ತೊಡಕು. ಆಗಸ್ಟಿನ ದಿನಕ್ಕೆ ಮೋಡ ಅಡ್ಡ. ಆದರೂ ಆಗಸ್ಟಿನ ಒಂದು ಬಿಸಿಲಿನ ತುಣುಕು ಸಾಕು.

ವಿಜ್ಞಾನಕ್ಕೇ ಹವ್ಯಾಸಿಗಳಿಂದ ಉಪಯೋಗ ಆಗುವುದಿಲ್ಲವೇ? ಆಗುತ್ತದೆ, ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. ಅವಿಭಜಿತ ಬಂಗಾಳದ ಜೆಸ್ಸೋರಿನ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸದಲ್ಲಿದ್ದ ರಾಧಾಗೋವಿಂದ ಚಂದ್ರ ಮೂರು ಇಂಚಿನ ಟೆಲಿಸ್ಕೋಪು ಕೊಂಡು, ಹೊಳಪು ಬದಲಿಸುವ ನಕ್ಷತ್ರಗಳನ್ನು ದಶಕಗಟ್ಟಲೆ ನೋಡಿ, ಅಮೆರಿಕದ ಚರ ನಕ್ಷತ್ರ ವೀಕ್ಷಕರ ಸಂಘಕ್ಕೆ 37,000ಕ್ಕೂ ಹೆಚ್ಚು ಅಳತೆಗಳನ್ನು ಕಳಿಸಿದರು. ಆ ಸಂಘ ಮೆಚ್ಚಿ ಆರು ಇಂಚಿನ ಟೆಲಿಸ್ಕೋಪನ್ನು ಅವರಿಗೆ ಎರವಲು ಕಳಿಸಿತು. ಅದು ಮುಂದೆ ವೇಣು ಬಾಪು ಅವರ ಕೈಸೇರಿತು. ಬಾಪು ಕಟ್ಟಿದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಇತಿಹಾಸದಲ್ಲಿ ಹೀಗೆ ಒಬ್ಬ ಖಜಾನೆ ಗುಮಾಸ್ತರ ಎಳೆಯೂ ಸೇರಿದೆ. ಮೆಟ್ರಿಕ್ ದಾಟದ ಮನುಷ್ಯ ಮಾಡಿದ ಕೆಲಸ ಇದು.

ನಮ್ಮ ಸಂಘಗಳಲ್ಲಿ ಇಂಥ ನಿತ್ಯದ ದಾಖಲೆಗಿಂತ ಬಣ್ಣಬಣ್ಣದ ನೀಹಾರಿಕೆಗಳ ಛಾಯಾಗ್ರಹಣಕ್ಕೆ ಒಲವು ಹೆಚ್ಚು. ಚಿತ್ರಗಳು ಸುಂದರ, ಶ್ರಮದ್ದು, ಖರ್ಚಿನದು. ನೋಡುಗನಿಗೆ ಅವು 'ಇದು ನನ್ನಿಂದಾಗದ್ದು' ಎಂಬ ಭಾವನೆಯನ್ನೂ ಕೊಡುತ್ತವೆ. ಎಲ್ಲರಿಂದ ಆಗುವ ವೀಕ್ಷಣೆಯೂ ಇದೆ. 2019ರ ಕೊನೆಯಲ್ಲಿ ಆರ್ದ್ರಾ ನಕ್ಷತ್ರ ಮಂಕಾಗತೊಡಗಿ, 2020ರ ಫೆಬ್ರುವರಿಯ ಹೊತ್ತಿಗೆ ರೋಹಿಣಿಗಿಂತ ಎಷ್ಟೋ ಕಡಿಮೆ ಹೊಳೆಯುತ್ತಿತ್ತು. ಬರಿಗಣ್ಣಿಗೆ, ಬೆಂಗಳೂರಿನ ಮಾಳಿಗೆಯಿಂದಲೂ ಗೊತ್ತಾಗುವಷ್ಟು. ನಕ್ಷತ್ರವೇ ಉಗುಳಿದ ದೂಳಿನ ಮೋಡ ಅದನ್ನು ಮರೆಮಾಡಿತ್ತು ಎಂದು ಆಮೇಲೆ ತಿಳಿಯಿತು. ಆರಿದ್ರ ಮಳೆಯ ಲೆಕ್ಕದಲ್ಲಿ ಬಿತ್ತುವ ನಾಡಿಗೆ ಈ ಹೆಸರು ಹೊಸದೇ? ಆದರೆ ಮಳೆಯ ಆರಿದ್ರ ಎಂದರೆ ಸೂರ್ಯ ಆ ನಕ್ಷತ್ರದ ಬಳಿ ಇರುವ ಜೂನಿನ ದಿನಗಳು; ಆಗ ನಕ್ಷತ್ರ ಹಗಲಿನಲ್ಲಿ ಮುಳುಗಿಹೋಗಿರುತ್ತದೆ. ಬಾಯಲ್ಲಿ ಸದಾ ಇರುವ ಈ ನಕ್ಷತ್ರ ಕೆಂಪಗೆ ಎದ್ದು ಕಾಣುವುದು ಸುಗ್ಗಿಯ ಚಳಿಯಲ್ಲಿ. ಜನವರಿಯ ಒಂದು ರಾತ್ರಿ ಕಣದಲ್ಲಿ ನಿಂತು ರೈತರಿಗೆ ಅದನ್ನು ಬೆರಳು ಮಾಡಿ ತೋರಿಸಿ, ಪಕ್ಕದ ರೋಹಿಣಿಯ ಜೊತೆ ಹೋಲಿಸಲು ಹೇಳಿದರೆ ಒಂದು ಊರು ಚರ ನಕ್ಷತ್ರದ ವೀಕ್ಷಣೆಗೆ ತಯಾರಾದ ಹಾಗೆ.

ಇದಕ್ಕೆ ಕನ್ನಡದಲ್ಲಿ ನಿರರ್ಗಳವಾಗಿ ಆಕಾಶ ತೋರಿಸುವವರು ಬೇಕು. ಜಿ. ಟಿ. ನಾರಾಯಣರಾಯರು ಮೈಸೂರಿನಲ್ಲಿ ಕೂತು ಕನ್ನಡದಲ್ಲಿ ಖಗೋಳ ಬರೆದರು, ಮಕ್ಕಳನ್ನು ಮಾಳಿಗೆ ಹತ್ತಿಸಿದರು; ಉಡುಪಿಯಲ್ಲಿ ಎ. ಪಿ. ಭಟ್ಟರು ಪತ್ರಿಕೆಗಳಲ್ಲೂ ಬಯಲಲ್ಲೂ ಆ ಕೆಲಸವನ್ನು ಮುಂದುವರಿಸಿದ್ದಾರೆ. ಬೆಂಗಳೂರಿನ ಸಂಘಗಳಲ್ಲಿ ಇಂಗ್ಲಿಷೇ ಸಲೀಸು, ಊರು ಹಾಗಿದೆ. ನಗರದ ಹೊರಗಿನ ಕತ್ತಲನ್ನು ಹುಡುಕಿ ಹೋಗುವ ಅವರ ರಾತ್ರಿ ಶಿಬಿರಗಳಲ್ಲಿ ನನಗೆ ಕಾಣುವ ಕೊರತೆ ಒಂದೇ: ಶಿಬಿರ ನಡೆಯುವ ಹಳ್ಳಿಯವರು ಊಟ ಒದಗಿಸುವವರಾಗಿ ಇರುತ್ತಾರೆ, ನೋಡುವವರಾಗಿ ಇರುವುದು ಅಪರೂಪ. ಆ ಕತ್ತಲೂ ಹೆಚ್ಚು ದಿನ ಉಳಿಯುವ ಹಾಗಿಲ್ಲ. ಪ್ರತಿ ಪಂಚಾಯಿತಿಯ ಕಂಬಕ್ಕೂ ಬಿಳಿ ಎಲ್‌ಇಡಿ ಬಂದಿದೆ, ಬೆಳಕು ನೆಲಕ್ಕಷ್ಟೇ ಅಲ್ಲ, ಬಾನಿಗೂ ಬೀಳುತ್ತದೆ. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿ ಹಳ್ಳಿಯವರನ್ನೇ ಖಗೋಳ ಮಾರ್ಗದರ್ಶಕರಾಗಿ ತರಬೇತು ಮಾಡಿದರು. ಕರ್ನಾಟಕದಲ್ಲಿ ದೀಪಕ್ಕೆ ಮೇಲೊಂದು ಮುಚ್ಚಳ ಹಾಕಿ ಎಂದು ಪಂಚಾಯಿತಿಗೆ ಅರ್ಜಿ ಕೊಡುವುದನ್ನು ತಮ್ಮ ಕೆಲಸವೆಂದು ಭಾವಿಸುವ ಸಂಘಗಳು ಹೆಚ್ಚಬೇಕು.

ತಾಜಸುಲ್ತಾನಪುರದಂಥದ್ದನ್ನು ತಡೆಯಲು ಈಗ ಕಾನೂನಿನ ಬಲವೂ ಇದೆ. 2017ರಲ್ಲಿ ಅಂಗೀಕಾರವಾದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆ ಆ ಗ್ರಹಣ ಕಳೆದ ಮರುತಿಂಗಳು, 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾಯ್ದೆ ಶಿಕ್ಷಿಸಬಲ್ಲದು, ಗ್ರಹಣ ಎಂದರೇನೆಂದು ತೋರಿಸಲಾರದು.

ಮುಂದಿನ ಪರೀಕ್ಷೆಗೆ ತಾರೀಖು ನಿಗದಿಯಾಗಿದೆ: 2027ರ ಆಗಸ್ಟ್ 2, ಸೋಮವಾರ. ಈಜಿಪ್ಟಿನಲ್ಲಿ ಪೂರ್ಣವಾಗಿ ಕಾಣುವ ಆ ಸೂರ್ಯಗ್ರಹಣ ನಮ್ಮಲ್ಲಿ ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆ ಪಾರ್ಶ್ವವಾಗಿ ಕಾಣುತ್ತದೆ. ಅಂದು ಆಷಾಢದ ಭೀಮನ ಅಮಾವಾಸ್ಯೆ. ಮನೆಮನೆಯಲ್ಲಿ ವ್ರತ, ಪೂಜೆ, ಸೂತಕ ಎಷ್ಟು ಗಂಟೆಗೆ ಎಂಬ ವಿಚಾರಣೆ, ಟಿವಿಯವರಿಗೆ ಹಬ್ಬ. ಕರಾವಳಿ, ಮಲೆನಾಡಿನಲ್ಲಿ ಮುಂಗಾರು ಜೋರಾಗಿರುವ ಕಾಲವದು. ಮೋಡ ಸರಿದು ಸೂರ್ಯ ಕಾಣುವ ಸಂಭವ ಹೆಚ್ಚಿರುವುದು ಬಯಲುಸೀಮೆಯಲ್ಲಿ, ಕಲಬುರಗಿ, ರಾಯಚೂರು, ವಿಜಯಪುರದ ಕಡೆ. ಕನ್ನಡಕಗಳೂ ಟೆಲಿಸ್ಕೋಪುಗಳೂ ತೋರಿಸಬಲ್ಲ ಜನರೂ ಹೆಚ್ಚಾಗಿ ಇರುವುದು ಬೆಂಗಳೂರು, ಉಡುಪಿ, ಮಂಗಳೂರುಗಳಲ್ಲಿ. ಬೆಂಗಳೂರಿನಿಂದ ಕಲಬುರಗಿಗೆ ರಾತ್ರಿ ರೈಲಿದೆ.